‘ಖಾಲಿ ಇದೆ’ ಅನ್ನೋ ಮಾತು: ಕೋವಿ, ಏರ್ ಗನ್, ಬಿಲ್ಲು ಮತ್ತು ನಮ್ಮ ಮನೆಗಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಂಗಾರಪೇಟೆಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ರೈಲಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ, ಜಂಕ್ಷನ್ ಪಕ್ಕದ ಮನೆ. ಅದನ್ನ ಪೂರ್ತಿ ತೆಗೆಯೋ ಸಾಫ್ಟ್‌ವೇರ್ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

ಹೊರಗಿನವರಿಗೆ ಊರ ಹೆಸರು ಹೇಳಿದರೆ ಮೊದಲು ಬರೋ ಪ್ರಶ್ನೆ, ‘ಓ, ಕೆಜಿಎಫ್ ಪಕ್ಕನಾ?’. ಎರಡನೇದು, ‘ಅಲ್ಲಿ ನಿಜವಾಗ್ಲೂ ಹಂಗೇನಾ?’. 2018ರಲ್ಲಿ ಒಂದು, 2022ರಲ್ಲಿ ಇನ್ನೊಂದು ಸಿನಿಮಾ ಬಂದ ಮೇಲೆ ನಮ್ಮ ಕಡೆಯವರೆಲ್ಲ ಮೆಷಿನ್ ಗನ್ ಹಿಡ್ಕೊಂಡೇ ಹುಟ್ಟಿದ್ದಾರೆ ಅನ್ನೋ ಕಲ್ಪನೆ ಹಲವರಿಗಿದೆ. ನಿಜ ಹೇಳ್ಬೇಕು ಅಂದ್ರೆ, ನಮ್ಮ ತಾಲ್ಲೂಕಲ್ಲಿ ಜನ ಕಣ್ಣಾರೆ ನೋಡಿರೋ ಬಂದೂಕು ಬೇರೆ. ಬ್ಯಾಂಕ್ ಬಾಗಿಲಲ್ಲಿ ಸ್ಟೂಲ್ ಮೇಲೆ ಕೂತ ಗಾರ್ಡ್ ತೊಡೆ ಮೇಲಿರೋ ಜೋಡಿ ನಳಿಗೆ ಕೋವಿ. ಕಾಲೇಜಲ್ಲಿ ಎನ್‌ಸಿಸಿ ಸೇರಿದವರು ಮಲಗಿಕೊಂಡು ಹೊಡೆದ ಪಾಯಿಂಟ್ ಟೂ-ಟೂ ರೈಫಲ್. ಕಾಮಸಮುದ್ರದ ಕಡೆ, ಆನೆ ಹಂದಿ ಬರೋ ಅಂಚಿನ ಹಳ್ಳಿಗಳಲ್ಲಿ ಲೈಸೆನ್ಸ್ ಇಟ್ಟುಕೊಂಡ ಒಂದೆರಡು ಹಳೇ ಕೋವಿ. ಮತ್ತೆ ಜಾತ್ರೆಯಲ್ಲಿ ಬಲೂನ್ ಹೊಡೆಯೋ ಏರ್ ಗನ್. ಇಷ್ಟೇ. ಸಿನಿಮಾದ ಗನ್‌ನಿಂದ ಯಾರಿಗೂ ಏನೂ ಆಗಲ್ಲ. ಈ ಸಣ್ಣಪುಟ್ಟ ಗನ್‌ಗಳಿಂದ ಆಗುತ್ತೆ, ಅದಕ್ಕೇ ಈ ಸಂಚಿಕೆ.

ಅಯ್ಯೋ, ಸಿನಿಮಾದ ಗನ್‌ನಿಂದ ಏನೂ ಆಗಲ್ಲ ಅಂದ್ನಲ್ಲ, ಅದೂ ಪೂರ್ತಿ ಸರಿಯಲ್ಲ. 2021ರ ಅಕ್ಟೋಬರ್ 21, ಅಮೆರಿಕದ ನ್ಯೂ ಮೆಕ್ಸಿಕೊ. ‘ರಸ್ಟ್’ ಅನ್ನೋ ಸಿನಿಮಾದ ಸೆಟ್. ನಟ ಅಲೆಕ್ ಬಾಲ್ಡ್‌ವಿನ್ ಕೈಗೆ ರಿವಾಲ್ವರ್ ಬರೋ ಮೊದಲು ಸೆಟ್‌ನಲ್ಲಿ ಒಂದು ಮಾತು ಕೂಗಿದರು: ‘ಕೋಲ್ಡ್ ಗನ್’. ಅಂದ್ರೆ ಇದರಲ್ಲಿ ಹಾರೋ ಗುಂಡಿಲ್ಲ, ನಿಶ್ಚಿಂತೆಯಿಂದ ಹಿಡ್ಕೊಳ್ಳಿ ಅಂತ. ಒಳಗೆ ಅಸಲಿ ಗುಂಡಿತ್ತು. ಛಾಯಾಗ್ರಾಹಕಿ ಹಲೈನಾ ಹಚಿನ್ಸ್ ತೀರಿಹೋದರು, ನಿರ್ದೇಶಕರಿಗೆ ಗಾಯ ಆಯ್ತು. ಗನ್‌ಗಳ ಉಸ್ತುವಾರಿ ಹೊತ್ತಿದ್ದವರಿಗೆ 2024ರಲ್ಲಿ 18 ತಿಂಗಳ ಶಿಕ್ಷೆ ಆಯ್ತು. ಅಷ್ಟು ದುಡ್ಡು, ಗನ್ ನೋಡ್ಕೊಳ್ಳೋಕೆ ಅಂತಾನೇ ಸಂಬಳದ ಆಳು, ನಿಯಮದ ಪುಸ್ತಕ, ಎಲ್ಲಾ ಇತ್ತು. ಆದರೆ ಕೈಯಿಂದ ಕೈಗೆ ದಾಟಿದ್ದು ಗನ್ ಜೊತೆಗೆ ಒಂದು ಮಾತು ಮಾತ್ರ. ಯಾರೂ ಬಿಚ್ಚಿ ಒಂದೊಂದು ಗುಂಡನ್ನೂ ಸರಿಯಾಗಿ ನೋಡಲಿಲ್ಲ.

ನಮ್ಮ ದೇಶದ್ದೇ ಬೇಕಾ? ನಟ ಗೋವಿಂದ, 2024ರ ಅಕ್ಟೋಬರ್ 1, ಮುಂಬೈ. ಕೋಲ್ಕತ್ತಕ್ಕೆ ಹೊರಡೋ ಮೊದಲು ತಮ್ಮದೇ ಲೈಸೆನ್ಸ್ ಇರೋ ರಿವಾಲ್ವರ್ ಎತ್ತಿಡೋಕೆ ಹೋಗಿ, ಅದು ಜಾರಿ ಗುಂಡು ಹಾರಿ ಕಾಲಿಗೆ ಬಿತ್ತು. ಅವರ ಪುಣ್ಯ, ಕಾಲಿಗೆ.

ನಮ್ಮ ರಾಜ್ಯದ್ದು ಬೇಕಾದರೆ, ಅದನ್ನ ಹೇಳೋಕೆ ಬಾಯಿ ಬರಲ್ಲ. 2025ರ ಫೆಬ್ರವರಿ, ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕು, ಒಂದು ಕೋಳಿ ಫಾರಂ. ಪಶ್ಚಿಮ ಬಂಗಾಳದಿಂದ ಕೂಲಿಗೆ ಬಂದ ಕುಟುಂಬ. ಅಲ್ಲಿದ್ದ ಬಂದೂಕು ಒಬ್ಬ ಹುಡುಗನ ಕೈಗೆ ಸಿಕ್ಕಿತು. ಹುಡುಗರ ಕೈಗೆ ಬಂದೂಕು ಸಿಕ್ಕರೆ ಏನ್ ಮಾಡ್ತಾರೆ, ಆಟ. ಗುಂಡು ಹಾರಿತು. ಒಂದು ಪುಟ್ಟ ಮಗು ಹೋಯ್ತು, ತಾಯಿಗೂ ಗಾಯ ಆಯ್ತು. ಆ ಹುಡುಗ ಅಪರಾಧಿ ಅಂತ ನನಗೆ ಅನ್ನಿಸಲ್ಲ. ತುಂಬಿದ ಬಂದೂಕನ್ನ ಮಕ್ಕಳ ಕೈಗೆ ಎಟುಕೋ ಹಾಗೆ ಬಿಟ್ಟವರು ದೊಡ್ಡವರು.

ಈ ಮೂರರಲ್ಲೂ ಯಾರಿಗೂ ಕೊಲ್ಲೋ ಮನಸ್ಸಿರಲಿಲ್ಲ. ಬಂದೂಕಿನ ಸುರಕ್ಷತೆ ಅಂದ್ರೆ ರೌಡಿಗಳ ವಿಷಯ, ಪೊಲೀಸರ ವಿಷಯ ಅಂದ್ಕೊಳ್ತೀವಿ. ಅದು ಅಡುಗೆಮನೆ ಗ್ಯಾಸ್ ಸಿಲಿಂಡರ್ ಥರದ ವಿಷಯ, ಮನೆಯವರದ್ದು.

ಇನ್ನು ಕೆಲಸಕ್ಕೆ ಬರೋಣ. ನಾನು ಬಿ.ಕಾಂ. ಓದಿರೋದು. ಆಡಿಟಿಂಗ್ ಪಾಠದಲ್ಲಿ ಮೊದಲನೇ ವಾರ ಕಲಿಸೋದೇ ಇದು: ಕ್ಯಾಷಿಯರ್ ‘ಡ್ರಾಯರ್‌ನಲ್ಲಿ ಇಷ್ಟಿದೆ ಸಾರ್’ ಅಂದರೆ ಬರ್ಕೋಬಾರದು, ಎದುರಿಗೆ ಕೂತು ಎಣಿಸಬೇಕು. ಕ್ಯಾಷಿಯರ್ ಕಳ್ಳ ಅಂತಲ್ಲ, ಎಣಿಸೋದೇ ಪದ್ಧತಿ. ಬಂದೂಕಿಗೂ ಹಾಗೇನೇ. ‘ಖಾಲಿ ಇದೆ ಕಣಣ್ಣ, ಹಿಡ್ಕೋ’ ಅಂತ ಯಾರಾದರೂ ಕೊಟ್ಟರೆ, ಕೊಟ್ಟವರು ಸ್ವಂತ ಅಪ್ಪ ಆದರೂ ಸರಿ, ತೆಗೆದು ನೋಡೋವರೆಗೂ ಅದು ತುಂಬಿದ ಬಂದೂಕೇ. ಹೇಗೆ ನೋಡೋದು ಅಂತ ಗೊತ್ತಿಲ್ಲದಿದ್ದರೆ ಹಿಡ್ಕೋಬೇಡಿ. ‘ನೀವೇ ತೆಗೆದು ತೋರಿಸಿ ಮಾವ’ ಅನ್ನಿ. ಅದರಲ್ಲಿ ಅವಮಾನ ಏನೂ ಇಲ್ಲ.

ಖಾಲಿ ಅನ್ನೋದು ಒಂದೊಂದು ಬಂದೂಕಲ್ಲಿ ಒಂದೊಂದು ಥರ ಮೋಸ ಮಾಡುತ್ತೆ. ಬ್ಯಾಂಕ್ ಗಾರ್ಡ್ ಹತ್ತಿರ ಇರೋ ಜೋಡಿ ನಳಿಗೆ ಹನ್ನೆರಡು ಬೋರ್ ಕೋವಿ ಇವುಗಳಲ್ಲಿ ಪ್ರಾಮಾಣಿಕ. ಲಿವರ್ ಒತ್ತಿ ನಡು ಬಗ್ಗಿಸಿದರೆ ಎರಡು ತೂತು ಕಾಣುತ್ತೆ. ತೋಟಾ ಇದ್ದರೆ ಅದರ ಹಿತ್ತಾಳೆ ತಳ ಕಾಣುತ್ತೆ, ಇಲ್ಲದಿದ್ದರೆ ಆ ಕಡೆಯ ಬೆಳಕು ಕಾಣುತ್ತೆ. ಬೇಲಿ ದಾಟೋವಾಗ, ಗಾಡಿ ಹತ್ತೋವಾಗ, ಇನ್ನೊಬ್ಬರ ಕೈಗೆ ಕೊಡೋವಾಗ ಹಾಗೇ ಬಗ್ಗಿಸಿಟ್ಟುಕೊಂಡರೆ ದೂರದಲ್ಲಿ ನಿಂತವರಿಗೂ ಗೊತ್ತಾಗುತ್ತೆ.

ಪಿಸ್ತೂಲ್ ಅಷ್ಟು ಸುಲಭ ಅಲ್ಲ. ಮ್ಯಾಗಝಿನ್ ಎಳೆದು ತೆಗೆದ ತಕ್ಷಣ ಖಾಲಿ ಆಯ್ತು ಅಂತ ಅಂದ್ಕೊಳ್ತಾರೆ, ಒಂದು ಗುಂಡು ಚೇಂಬರ್ ಒಳಗೆ ಕೂತೇ ಇರಬಹುದು. ಮೊದಲು ಮ್ಯಾಗಝಿನ್ ತೆಗೀಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆದು ಒಳಗೆ ಕಣ್ಣಿಟ್ಟು ನೋಡಬೇಕು. ಉಲ್ಟಾ ಮಾಡಿದರೆ, ಅಂದ್ರೆ ಮ್ಯಾಗಝಿನ್ ಒಳಗಿರೋವಾಗಲೇ ಸ್ಲೈಡ್ ಎಳೆದು ಬಿಟ್ಟರೆ, ಒಂದು ಗುಂಡು ಹೊರಗೆ ಬೀಳುತ್ತೆ, ಇನ್ನೊಂದು ಮೇಲೆ ಬಂದು ಕೂರುತ್ತೆ. ಬಿದ್ದ ಗುಂಡು ನೋಡಿ ‘ಹಾ, ಬಂತು’ ಅಂತಾನೆ ಮನುಷ್ಯ. ಎಷ್ಟೋ ಅನಾಹುತ ಆಗಿರೋದು ಆ ಘಳಿಗೆಯಲ್ಲಿ.

ಎಲ್ಲಕ್ಕಿಂತ ಕಳ್ಳ ಅಂದ್ರೆ ಹಳೇ ಕೇಪಿನ ಕೋವಿ. ನಳಿಗೆ ಬಾಯಿಂದ ಕರಿಮದ್ದು ಸುರಿದು, ಚಿಂದಿ ಜಡಿದು, ಚರೆ ಹಾಕಿ, ಹಿಂದೆ ಕೇಪು ಕೂರಿಸೋದು. ಆಯುಧ ಕಾಯ್ದೆ 1959ರಲ್ಲೇ ಬೆಳೆ ಕಾಯೋಕೆ ಈ ಥರ ಬಾಯಿಂದ ತುಂಬೋ ಕೋವಿ ಅಂತ ಪ್ರತ್ಯೇಕ ಉಲ್ಲೇಖ ಇದೆ, ಅದಕ್ಕೇ ಹಳ್ಳಿಗಳಲ್ಲಿ ಇನ್ನೂ ಇವೆ. ರಾತ್ರಿ ಹೊಲ ಕಾಯೋಕೆ ಅಂತ ತುಂಬ್ತಾರೆ. ಹಂದಿ ಬರಲ್ಲ. ಬೆಳಗ್ಗೆ ಕೇಪು ಕಿತ್ತು ಜೇಬಿಗೆ ಹಾಕಿ ಕೋವಿ ಗೋಡೆಗೆ ನೇತು ಹಾಕ್ತಾರೆ. ಮನೆಯವರ ಲೆಕ್ಕದಲ್ಲಿ ಅದು ಖಾಲಿ. ಆದರೆ ಮದ್ದು, ಚರೆ ಎರಡೂ ನಳಿಗೆ ತಳದಲ್ಲಿ ಹಾಗೇ ಇವೆ. ಹೊರಗಿಂದ ಏನೂ ಕಾಣಲ್ಲ, ಬಗ್ಗಿಸಿ ನೋಡೋಕೆ ಜಾಗವೇ ಇಲ್ಲ. ಕರಿಮದ್ದು ಒಣಗಿದ್ದರೆ ಹತ್ತಾರು ವರ್ಷ ಆದರೂ ಸಾಯಲ್ಲ.

ಇದನ್ನ ನೋಡೋಕೆ ಹಳಬರ ಹತ್ತಿರ ಒಂದು ಲೆಕ್ಕ ಇದೆ, ಪ್ರಪಂಚದಲ್ಲೆಲ್ಲ ಅದೇ ಲೆಕ್ಕ. ಮೊದಲು ಕೇಪು ತೆಗೀಬೇಕು. ನಳಿಗೆ ಯಾರ ಕಡೆಗೂ ಇರಬಾರದು, ನಿಮ್ಮ ಮುಖ ಅದರ ಬಾಯಿಗೆ ಅಡ್ಡ ಬರಬಾರದು. ಮದ್ದು ಜಡಿಯೋ ಸಲಾಕೆಯನ್ನ ನಿಧಾನಕ್ಕೆ ಒಳಗೆ ಇಳಿಸಿ, ನಿಂತ ಕಡೆ, ನಳಿಗೆ ಬಾಯಿಗೆ ಸಮವಾಗಿ ಸಲಾಕೆ ಮೇಲೆ ಗುರುತು ಮಾಡ್ಕೋಬೇಕು. ಹೊರಗೆ ತೆಗೆದು ನಳಿಗೆ ಪಕ್ಕದಲ್ಲಿ ಹಿಡಿದು, ಗುರುತನ್ನ ಬಾಯಿಗೆ ಸರಿಯಾಗಿ ಇಟ್ಟರೆ, ಸಲಾಕೆ ತುದಿ ಕೇಪು ಕೂರೋ ಜಾಗದ ತನಕ ಬರಬೇಕು. ಮೂರು ನಾಲ್ಕು ಬೆರಳು ಮುಂಚೆನೇ ನಿಂತರೆ ಒಳಗೆ ಏನೋ ಕೂತಿದೆ. ಇದು ಲೈಸೆನ್ಸ್ ಇರೋರು, ಕೋವಿ ಗೊತ್ತಿರೋರು ಮಾಡೋ ಕೆಲಸ. ಇದನ್ನ ಕೇಳಿಸ್ಕೊಂಡು ನಾಳೆ ಪಕ್ಕದ ಮನೆ ಕೋವಿಗೆ ಕಡ್ಡಿ ಹಾಕೋಕೆ ಹೋಗ್ಬೇಡಿ.

ಇಲ್ಲಿ ಕೆಜಿಎಫ್ ವಿಷಯ ಬರುತ್ತೆ. ನಮ್ಮ ತಾತ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸ ಮಾಡಿದವರು. ಬಂದೂಕು ಹಿಡಿದವರಲ್ಲ. ಆದರೆ ‘ಖಾಲಿ’ ಅನ್ನೋ ಮಾತಿನ ಬಗ್ಗೆ ಅವರಿಗಿದ್ದಷ್ಟು ಅನುಮಾನ ನಾನು ಬೇರೆ ಯಾರಲ್ಲೂ ನೋಡಿಲ್ಲ. ಗಣಿ ಒಳಗೆ ಬಂಡೆಗೆ ತೂತು ಕೊರೆದು ಸಿಡಿಮದ್ದು ತುಂಬಿ ಸಿಡಿಸ್ತಾರಲ್ಲ, ಆವಾಗ ದೂರ ನಿಂತು ಸದ್ದು ಎಣಿಸೋರು. ಒಂಬತ್ತು ತೂತು ತುಂಬಿದ್ದೀವಿ, ಎಂಟು ಸದ್ದು ಕೇಳಿಸ್ತು. ಅಂದ್ರೆ ಒಂದು ಒಳಗೇ ಉಳಿದಿದೆ. ತಕ್ಷಣ ಯಾರೂ ಹತ್ತಿರ ಹೋಗೋ ಹಾಗಿಲ್ಲ, ಸಮಯ ಕಳೀಬೇಕು. ಮುಂದಿನ ಪಾಳಿಯವರಿಗೆ ಹೇಳಿ ಹೋಗಬೇಕು. ಇನ್ನೊಂದು, ಸಿಡಿದ ಮೇಲೂ ಬಂಡೆಯಲ್ಲಿ ಹಳೇ ತೂತಿನ ತಳ ಉಳಿದಿರುತ್ತೆ. ನೋಡೋಕೆ ಬರೀ ಗುಂಡಿ. ಹೊಸದಾಗಿ ಕೊರೆಯೋಕೆ ಸಲೀಸು, ಅರ್ಧ ಕೆಲಸ ಆಗಲೇ ಆಗಿದೆ. ಆದರೆ ಅದರೊಳಗೆ ಡ್ರಿಲ್ ಇಡೋ ಹಾಗೇ ಇಲ್ಲ, ತಳದಲ್ಲಿ ಸಿಡಿಯದ ಮದ್ದು ಇರಬಹುದು. ‘ಗುಂಡಿ ಖಾಲಿ ಇದೆ ಅಂತ ಕಣ್ಣು ಹೇಳುತ್ತೆ, ಕಣ್ಣಿಗೇನ್ ಗೊತ್ತು’ ಅನ್ನೋರು ತಾತ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಎಣಿಸೋ ಅಭ್ಯಾಸ ಮಾತ್ರ ಅವರನ್ನ ಬಿಡಲಿಲ್ಲ. ದೀಪಾವಳಿಯಲ್ಲಿ ಠುಸ್ ಆದ ಆಟಂ ಬಾಂಬ್ ಹತ್ತಿರ ನಮ್ಮನ್ನ ಬಿಡ್ತಾನೇ ಇರಲಿಲ್ಲ, ಬಕೆಟ್ ನೀರು ತಂದು ಸುರಿಯೋರು. ನಮಗೆ ಆಗ ಕೋಪ ಬರೋದು.

ಬಂದೂಕಲ್ಲೂ ಇದೇ ಆಗುತ್ತೆ. ಟ್ರಿಗರ್ ಎಳೆದರು, ಟಿಕ್ ಅಂತು, ಹಾರಲಿಲ್ಲ. ಸಹಜವಾಗಿ ಮನುಷ್ಯ ಏನ್ ಮಾಡ್ತಾನೆ? ತಿರುಗಿಸಿ ನಳಿಗೆ ನೋಡ್ತಾನೆ. ಬೇಡ. ಮದ್ದು ತಡವಾಗಿ ಹತ್ಕೊಂಡು ಹಾರೋದುಂಟು. ನಳಿಗೆಯನ್ನ ಗುರಿ ಕಡೆಗೇ ಹಿಡಿದು ಕಮ್ಮಿ ಅಂದ್ರೂ 30 ಸೆಕೆಂಡ್ ಕಾಯಬೇಕು, ಕೇಪಿನ ಕೋವಿಯಾದರೆ ಒಂದು ನಿಮಿಷಕ್ಕಿಂತ ಜಾಸ್ತಿ. ಆಮೇಲೇನೇ ಬಿಚ್ಚೋದು.

ಇನ್ನುಳಿದ ಮೂರು ನಿಯಮ ಬೇಗ ಹೇಳ್ಬಿಡ್ತೀನಿ, ಎಲ್ಲ ಫೈರಿಂಗ್ ರೇಂಜ್‌ನಲ್ಲೂ ಇವೇ. ಯಾವುದಕ್ಕೆ ಹೊಡೆಯೋ ಇರಾದೆ ಇಲ್ಲವೋ ಅದರ ಕಡೆ ನಳಿಗೆ ತಿರುಗಬಾರದು, ತಮಾಷೆಗೂ, ಸೆಲ್ಫಿಗೂ. ಹೊಡೆಯೋ ಘಳಿಗೆ ತನಕ ಬೆರಳು ಟ್ರಿಗರ್ ಮೇಲೆ ಇರಬಾರದು, ಪಕ್ಕದಲ್ಲಿ ಚಾಚಿರಬೇಕು. ಗುರಿ ಏನು, ಗುರಿಯ ಹಿಂದೆ ಏನಿದೆ ಎರಡೂ ಗೊತ್ತಿರಬೇಕು. ಮಲೆನಾಡಲ್ಲಿ ಶಿಕಾರಿಗೆ ಹೋದವರು ಪೊದೆ ಅಲ್ಲಾಡ್ತು ಅಂತ ಜೊತೆಗೆ ಬಂದವನಿಗೇ ಹೊಡೆದ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ಎನ್‌ಸಿಸಿಯ ಆ ಪುಟ್ಟ ಪಾಯಿಂಟ್ ಟೂ-ಟೂ ಗುಂಡು ಕೂಡ ತಡೆ ಇಲ್ಲದಿದ್ದರೆ ಒಂದು ಕಿಲೋಮೀಟರ್ ದಾಟಿ ಹೋಗುತ್ತೆ, ಅದಕ್ಕೇ ರೇಂಜ್ ಹಿಂದೆ ಅಷ್ಟೆತ್ತರ ಮಣ್ಣಿನ ದಿಬ್ಬ. ಸೇಫ್ಟಿ ಹಾಕಿದ್ದೀನಿ ಅನ್ನೋರು ಇದ್ದಾರೆ. ಅದೂ ಒಂದು ಸಣ್ಣ ಕಬ್ಬಿಣದ ತುಂಡು. ಎಷ್ಟೋ ಹಳೇ ಕೋವಿಗಳಲ್ಲಿ ಅದು ಟ್ರಿಗರ್ ಮಾತ್ರ ತಡೆಯುತ್ತೆ, ಕೆಳಗೆ ಬಿದ್ದ ಹೊಡೆತಕ್ಕೆ ಹಾರೋದನ್ನ ತಡೆಯಲ್ಲ.

ನಮ್ಮ ಒಬ್ಬ ಕೇಳುಗರು ಮೆಸೇಜ್ ಹಾಕಿದ್ದರು. ಹೆಸರು, ಊರು ಬೇಡ. ‘ತಾತ ತೀರ್ಕೊಂಡು ವರ್ಷ ಆಯ್ತು. ಅವರ ಲೈಸೆನ್ಸ್ ಕೋವಿ ಅಟ್ಟದ ಮೇಲಿದೆ, ಗೋಣಿಚೀಲದಲ್ಲಿ ಸುತ್ತಿದೆ. ಅಮ್ಮ ಅದನ್ನ ಮುಟ್ಟೋಕೂ ಹೆದರ್ತಾರೆ. ಯಾರಿಗಾದರೂ ಕೊಟ್ಬಿಡಬಹುದಾ?’ ಅಂತ. ಈ ಸಂಚಿಕೆ ಮಾಡಿದ್ದೇ ಮುಖ್ಯವಾಗಿ ಇವರಿಗೋಸ್ಕರ ಅನ್ನಿ.

ಯಾರಿಗೂ ಕೊಡೋ ಹಾಗಿಲ್ಲ. ಲೈಸೆನ್ಸ್ ತಾತನ ಹೆಸರಲ್ಲಿತ್ತು, ಮನೆ ಹೆಸರಲ್ಲಲ್ಲ. ಹೊಲ ಪೌತಿ ಖಾತೆ ಆಗೋ ಥರ ಕೋವಿ ತಾನಾಗೇ ಮಗನಿಗೆ ಬರಲ್ಲ. ಲೈಸೆನ್ಸ್‌ದಾರ ತೀರಿಕೊಂಡ ಮೇಲೆ ಅದನ್ನ ತಡ ಮಾಡದೆ ಪೊಲೀಸ್ ಠಾಣೆಗೋ, ಲೈಸೆನ್ಸ್ ಇರೋ ಬಂದೂಕು ಡೀಲರ್‌ಗೋ ಒಪ್ಪಿಸಿ ರಸೀದಿ ತಗೋಬೇಕು ಅನ್ನೋದು ಆಯುಧ ಕಾಯ್ದೆಯ 21ನೇ ಕಲಂ. ಇಟ್ಕೋಬೇಕು ಅಂತ ಮನಸ್ಸಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಹೊಸ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. 21 ವರ್ಷ ತುಂಬಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ ಸುರಕ್ಷತೆಯ ತರಬೇತಿ ಪಡೆದ ಸರ್ಟಿಫಿಕೇಟೂ ಬೇಕು.

ಆದರೆ ಕಾಗದಕ್ಕಿಂತ ಮೊದಲು ಆ ಗೋಣಿಚೀಲ. ಅದನ್ನ ನೀವು ಅಟ್ಟದಿಂದ ಇಳಿಸಬೇಡಿ. ಒಳಗೆ ಮದ್ದಿದೆಯೋ ಇಲ್ಲವೋ ತಾತನಿಗೆ ಮಾತ್ರ ಗೊತ್ತಿತ್ತು. ಸಾವಿನ ದಾಖಲೆ, ಹಳೇ ಲೈಸೆನ್ಸ್ ಪುಸ್ತಕ ಎರಡನ್ನೂ ಹಿಡ್ಕೊಂಡು ಬರಿಗೈಲಿ ಠಾಣೆಗೆ ಹೋಗಿ, ಹೀಗಿದೆ ಸಾರ್, ಗೊತ್ತಿರೋರನ್ನ ಕಳಿಸಿ ಅಂತ ಹೇಳಿ. ಒಂದು ವರ್ಷ ತಡ ಆಗಿದೆ, ಬೈಸ್ಕೋಬಹುದು. ಬೈಸ್ಕೊಳ್ಳಿ. ಬೈಕ್ ಹಿಂದೆ ಗೋಣಿಯಲ್ಲಿ ಸುತ್ತಿದ ಕೋವಿ ಇಟ್ಕೊಂಡು ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಹೋಗೋದಕ್ಕಿಂತ ಅದು ವಾಸಿ.

ಲೈಸೆನ್ಸ್ ಚಾಲ್ತಿಯಲ್ಲಿ ಇಟ್ಕೊಂಡಿರೋರಿಗೂ ಒಂದು ಮಾತು. ಬ್ಯಾಂಕ್ ಸೇಫ್‌ಗೆ ಎರಡು ಬೀಗದ ಕೈ ಇರುತ್ತೆ, ಒಂದು ಮ್ಯಾನೇಜರ್ ಹತ್ತಿರ, ಒಂದು ಕ್ಯಾಷಿಯರ್ ಹತ್ತಿರ. ಒಬ್ಬರಿಂದ ತೆಗೆಯೋಕಾಗಲ್ಲ. ಮನೆಯಲ್ಲೂ ಕೋವಿಗೊಂದು ಬೀಗ, ತೋಟಾಗೆ ಬೇರೆ ಕಡೆ ಇನ್ನೊಂದು ಬೀಗ. ಗೋಡೆಗೆ ನೇತು ಹಾಕೋದು ಹಳೇ ಕಾಲದ ಚೆಂದ, ಬಿಟ್ಬಿಡಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸೋಕೆ ಕರೀತಾರಲ್ಲ, ಆವಾಗ ಮನೆಯಲ್ಲೇ ಖಾಲಿ ಮಾಡಿ, ಕವರಿಗೆ ಹಾಕಿ, ತೋಟಾ ಬೇರೆ ಚೀಲದಲ್ಲಿ ಒಯ್ಯಿರಿ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹೊಡೆಯೋ ಚಾಳಿ ನಮ್ಮ ಕಡೆ ಅಷ್ಟಿಲ್ಲ. ಇದ್ದರೂ 2019ರ ತಿದ್ದುಪಡಿ ಪ್ರಕಾರ ಅದಕ್ಕೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಬೆಳೆ ಕಾಯೋ ಲೈಸೆನ್ಸ್ ಅಂದ್ರೆ ಕೋವಿ ಇಟ್ಕೊಳ್ಳೋಕೆ ಅನುಮತಿ, ಪ್ರಾಣಿ ಕೊಲ್ಲೋಕಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ.

ಕೊಡಗಿನವರು ಇದನ್ನ ಕೇಳಿದರೆ ನಗಬಹುದು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದಲೇ ವಿನಾಯಿತಿ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡೀತು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ, ತೆಂಗಿನಕಾಯಿಗೆ ಗುರಿ ಇಡ್ತಾರೆ. ಅಲ್ಲಿ ಮಗು ಬೆಳೆಯೋದೇ ಕೋವಿ ಹೇಗೆ ಹಿಡೀಬೇಕು ಅಂತ ನೋಡ್ತಾ. ನಮ್ಮ ಕಡೆ ಹಾಗಲ್ಲ, ನಮಗೆ ಕೋವಿ ಅಪರೂಪದ ವಸ್ತು. ಅಪರೂಪದ್ದು ಕಂಡ್ರೆ ಮಕ್ಕಳು ಮುಟ್ಟೇ ಮುಟ್ತಾರೆ. ಹಾಗಾಗಿ ಮಕ್ಕಳಿಗೆ ಬೈಯೋದಕ್ಕಿಂತ ಒಂದು ವಾಕ್ಯ ಬಾಯಿಪಾಠ ಮಾಡಿಸಿ: ಕಂಡರೆ ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರಿಗೆ ಹೇಳು. ಆಟಿಕೆನಾ ಅಸಲಿನಾ ಅಂತ ಅವರು ತೀರ್ಮಾನ ಮಾಡೋದು ಬೇಡ.

ಜಾತ್ರೆ ಏರ್ ಗನ್ ಕೂಡ ಇದಕ್ಕೇ ಸೇರುತ್ತೆ. ಶಿವರಾತ್ರಿಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋದಾಗ ಇಂಥ ಅಂಗಡಿ ಕಂಡ್ರೆ ಒಂದು ನಿಮಿಷ ನಿಂತು ನೋಡಿ. ಹುಡುಗ ಬಲೂನ್ ಹೊಡೀತಾನೆ, ಡಬ್ ಅನ್ನುತ್ತೆ, ಖುಷಿಗೆ ‘ಅಮ್ಮಾ ನೋಡು!’ ಅಂತ ಗನ್ ಸಮೇತ ತಿರುಗ್ತಾನೆ. ನಳಿಗೆ ಸಾಲಾಗಿ ಎಲ್ಲರ ಮುಖದ ಮೇಲೆ ಹಾದು ಹೋಗುತ್ತೆ. 20 ಜೂಲ್ ಒಳಗಿನ ಏರ್ ಗನ್‌ಗೆ ಲೈಸೆನ್ಸ್ ಬೇಡ ಅಂತ ಕಾನೂನು ಹೇಳುತ್ತೆ, ನಿಜ. ಕಣ್ಣಿಗೆ ಆ ಲೆಕ್ಕ ಗೊತ್ತಿಲ್ಲ. ಹುಡುಗನ ಹಿಂದೆ ನಿಂತು ಭುಜ ಹಿಡ್ಕೊಳ್ಳಿ. ಹೊಡೆದ ಮೇಲೆ ಗನ್ ಮೇಜಿನ ಮೇಲಿಟ್ಟು ಆಮೇಲೆ ತಿರುಗಬೇಕು ಅಂತ ಹೇಳಿಕೊಡಿ.

ಕೊನೆಗೆ ಬಿಲ್ಲು. ಈಗ ಆನ್‌ಲೈನ್‌ನಲ್ಲಿ ಬಿಲ್ಲು ತರಿಸ್ಕೊಳ್ಳೋ ಹುಡುಗರು ಜಾಸ್ತಿ ಆಗಿದ್ದಾರೆ, ಟೆರೇಸ್ ಮೇಲೆ ಅಭ್ಯಾಸ ಮಾಡೋರೂ ಇದ್ದಾರೆ. ಟೆರೇಸ್ ದಯವಿಟ್ಟು ಬೇಡ, ತಪ್ಪಿದ ಬಾಣ ಪಕ್ಕದ ಬೀದಿಗೆ ಹೋಗುತ್ತೆ.

ಬಿಲ್ಲಿನ ವಿಚಿತ್ರ ಏನಂದ್ರೆ ಇಲ್ಲಿ ಖಾಲಿ ಇರೋದೇ ಅಪಾಯ. ಬಾಣ ಹೂಡದೆ ಹೆದೆ ಎಳೆದು ಬಿಟ್ಟರೆ, ಬಾಣದ ಜೊತೆ ಹೋಗಬೇಕಿದ್ದ ಬಲ ಎಲ್ಲೂ ಹೋಗೋಕಾಗದೆ ಬಿಲ್ಲಿಗೇ ವಾಪಸ್ ಬಡಿಯುತ್ತೆ. ಹೆದೆ ಕಿತ್ತು ಬರಬಹುದು, ಬಿಲ್ಲಿನ ತೋಳು ಸೀಳಿ ಮುಖಕ್ಕೆ ಹಾರಬಹುದು. ಕಾಂಪೌಂಡ್ ಬಿಲ್ಲಾದರೆ ಇನ್ನೂ ಕೆಟ್ಟದ್ದು. ‘ಎಷ್ಟು ಟೈಟ್ ಇದೆ ನೋಡ್ತೀನಿ ಕೊಡೋ’ ಅಂತ ಗೆಳೆಯರು ಎಳೆದು ಬಿಡೋದೇ ಹೆಚ್ಚು. ಎಳೆದು ನೋಡಲಿ, ಆದರೆ ಹಾಗೇ ನಿಧಾನಕ್ಕೆ ಮುಂದಕ್ಕೆ ತರಲಿ, ಬಿಡೋದು ಬೇಡ. ಕಾರ್ಬನ್ ಬಾಣಗಳನ್ನ ಪ್ರತಿ ಸಲ ಸ್ವಲ್ಪ ಬಗ್ಗಿಸಿ, ಕಿವಿ ಹತ್ತಿರ ಹಿಡಿದು ತಿರುಚಿ ನೋಡಬೇಕು. ಚಟಚಟ ಸದ್ದು ಬಂದರೆ ಬಿಸಾಕಿ. ಬಿರುಕು ಬಿಟ್ಟ ಬಾಣ ಹೂಡಿದರೆ ಅದು ಒಡೆದು ಸಿಬರುಗಳು ಬಿಲ್ಲು ಹಿಡಿದ ಕೈಗೇ ನಾಟುತ್ತವೆ.

ಮೈದಾನದಲ್ಲಿ ಎಲ್ಲವೂ ಸೀಟಿ ಮೇಲೆ ನಡೆಯುತ್ತೆ. ಎರಡು ಸೀಟಿ ಅಂದ್ರೆ ಗೆರೆಗೆ ಬನ್ನಿ, ಒಂದು ಅಂದ್ರೆ ಹೊಡೀರಿ, ಮೂರು ಅಂದ್ರೆ ನಿಲ್ಲಿಸಿ, ಬಾಣ ತರೋಕೆ ಹೋಗಿ. ಐದು ಅಥವಾ ಬಿಡದೆ ಊದಿದರೆ ಅಪಾಯ, ಎಳೆದ ಬಾಣವನ್ನೂ ಇಳಿಸಬೇಕು. ಗುರಿಹಲಗೆಯಿಂದ ಬಾಣ ಕೀಳೋವಾಗ ಕೀಳೋರ ಹಿಂದೆ ಯಾರೂ ನಿಲ್ಲಬಾರದು, ಜೋರಾಗಿ ಎಳೆದಾಗ ಹಿಂತುದಿ ಬಂದು ಕಣ್ಣಿಗೆ ತಾಗುತ್ತೆ. ತರಬೇತಿ ಕೇಂದ್ರಗಳಲ್ಲೇ ಅನಾಹುತ ಆಗಿದೆ. 2020ರ ಜನವರಿಯಲ್ಲಿ ಅಸ್ಸಾಮಿನಲ್ಲಿ ಅಭ್ಯಾಸದ ವೇಳೆ ಒಬ್ಬ ಪುಟ್ಟ ಹುಡುಗಿಯ ಕುತ್ತಿಗೆ ಹತ್ತಿರ ಬಾಣ ನಾಟಿತ್ತು. ಅದು ಮೈಯಲ್ಲಿರೋ ಹಾಗೇ ದೆಹಲಿಯ ಏಮ್ಸ್‌ಗೆ ಕರ್ಕೊಂಡು ಹೋಗಿ ಅಲ್ಲಿ ತೆಗೆದರು, ಹುಡುಗಿ ಉಳಿದಳು. ಬಾಣ ನಾಟಿದರೆ ನೀವು ಕೀಳಬೇಡಿ. ಅಲ್ಲಾಡದ ಹಾಗೆ ಸುತ್ತ ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಗುಂಡಿನ ಗಾಯ ಆದರೆ ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಆಂಬುಲೆನ್ಸ್ ಬರೋ ತನಕ ಕೈ ತೆಗೀಬೇಡಿ.

ಅಟ್ಟದ ಮೇಲೆ ಇಂಥ ಗೋಣಿಚೀಲ ಇರೋರು ಇನ್ನೂ ಇದ್ದರೆ ಮೆಸೇಜ್ ಹಾಕಿ, ಹೆಸರು ಹೇಳಲ್ಲ. ಮುಂದಿನ ವಾರ ಬೆಂಗಳೂರಿಗೆ ದಿನಾ ಓಡಾಡೋರ ಸೀಸನ್ ಪಾಸ್ ಲೆಕ್ಕ ತಗೊಂಡು ಬರ್ತೀನಿ, ರೈಲು ಇನ್ನೂ ಜೋರಾಗಿ ಕೇಳಿಸಬಹುದು.